ಹೆಡ್‌ಲೈಟ್ ಬೆಳಕು ಜಾಸ್ತಿ ಆಗಬೇಕು, ಎದುರಿನವರ ಕಣ್ಣಿಗೆ ಹೊಡೆಯಬಾರದು

ಪ್ರಶ್ನೆ: ಸರ್, ನಾನು ಪಾಂಡವಪುರ ತಾಲ್ಲೂಕಿನವನು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ ಹನ್ನೊಂದರ ಮೇಲೆ ಮನೆಗೆ ಹೊರಡುತ್ತೇನೆ. ಕೊನೆಯ ಕೆಲವು ಕಿಲೋಮೀಟರ್ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲಿನ ರಸ್ತೆ. ಬೀದಿದೀಪ ಇಲ್ಲ, ಎಷ್ಟೋ ಕಡೆ ತಡೆಗೋಡೆಯೂ ಇಲ್ಲ. ನನ್ನದು 2013ರ ಚಿಕ್ಕ ಕಾರು, ಎಚ್4 ಹ್ಯಾಲೊಜೆನ್ ಬಲ್ಬ್. ಬೆಳಕು ಏನೇನೂ ಸಾಲದು. ಅಂಗಡಿಯವರು 100/90 ವ್ಯಾಟ್ ಬಲ್ಬ್ ಹಾಕಿ ಅನ್ನುತ್ತಾರೆ, ಗೆಳೆಯ ಎಲ್‌ಇಡಿ ಹಾಕಿಸು ಅನ್ನುತ್ತಾನೆ. ಆದರೆ ಅವನ ಕಾರು ಎದುರು ಬಂದರೆ ನನಗೇ ದಾರಿ ಕಾಣಲ್ಲ. ನಾನು ಇನ್ನೊಬ್ಬರಿಗೆ ಹಾಗೆ ಮಾಡಬಾರದು. ಏನು ಮಾಡಲಿ? ಅಪ್ಪನ ಹಳೇ 100 ಸಿಸಿ ಬೈಕಿಗೂ ಒಂದು ದಾರಿ ಹೇಳಿ.

ಉತ್ತರ: ಸದ್ಯಕ್ಕೆ ಎರಡೂ ಬೇಡ. ಹೊಸದರಲ್ಲಿ ನಿಮ್ಮ ಕಾರು ಎಷ್ಟು ಬೆಳಕು ಕೊಡುತ್ತಿತ್ತೋ ಅಷ್ಟನ್ನು ಮೊದಲು ವಾಪಸ್ ತರೋಣ. ಹತ್ತು ವರ್ಷ ದಾಟಿದ ಕಾರಿನಲ್ಲಿ ಬಲ್ಬ್ ಉರಿಯುತ್ತಾ ಇರುತ್ತದೆ, ಆದರೆ ಅದರ ಬೆಳಕು ರಸ್ತೆಗೆ ತಲುಪುತ್ತಿರುವುದಿಲ್ಲ. ಬಲ್ಬ್ ಮಾತ್ರ ದೊಡ್ಡದು ಮಾಡಿದರೆ ಈ ತೊಂದರೆ ಹೋಗಲ್ಲ. ನಿಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲೆಗೆ ಎಷ್ಟು ನೀರು ಬಿಟ್ಟರೂ, ನಡುವೆ ಸೋರಿದರೆ ಕೊನೆಯ ಗದ್ದೆ ಒಣಗಿಯೇ ಇರುತ್ತದೆ.

ಮೊದಲ ಸೋರಿಕೆ ವೈರಿಂಗಿನಲ್ಲಿ. ಎಚ್4 ಬಲ್ಬಿನ ಮೇಲೆ 60/55 ವ್ಯಾಟ್ ಅಂತ ಬರೆದಿರುತ್ತದೆ. 60 ದೂರಕ್ಕೆ ಹೊಡೆಯುವ ಹೈ ಬೀಮಿಗೆ, 55 ಕೆಳಕ್ಕೆ ಬೀಳುವ ಲೋ ಬೀಮಿಗೆ. ಲೋ ಬೀಮಿನಲ್ಲಿ ಸುಮಾರು 1000 ಲುಮೆನ್ (ಬಲ್ಬಿನಿಂದ ಹೊರಡುವ ಬೆಳಕಿನ ಅಳತೆ) ಬರಬೇಕು. ಆದರೆ ಆ ಲೆಕ್ಕ ಬಲ್ಬಿಗೆ 13.2 ವೋಲ್ಟ್ ಸಿಕ್ಕಿದಾಗಿನದು. ಹ್ಯಾಲೊಜೆನ್ ಬಲ್ಬಿನ ಸ್ವಭಾವ ಏನೆಂದರೆ, ವೋಲ್ಟೇಜ್ ಸ್ವಲ್ಪ ಇಳಿದರೂ ಬೆಳಕು ಬಹಳ ಇಳಿಯುತ್ತದೆ. 13.2 ಇರಬೇಕಾದ ಕಡೆ 12 ಸಿಕ್ಕಿತು ಅಂದುಕೊಳ್ಳಿ. ವೋಲ್ಟೇಜಿನಲ್ಲಿ ಅದು ಹತ್ತರಲ್ಲಿ ಒಂದು ಪಾಲು ಕೂಡ ಅಲ್ಲ. ಬೆಳಕಿನಲ್ಲಿ ಕಾಲು ಪಾಲಿಗಿಂತ ಜಾಸ್ತಿ ಹೋಯಿತು! ಬಣ್ಣವೂ ಕೆಂಪಿಗೆ ತಿರುಗುತ್ತದೆ.

ನಿಮ್ಮ ಕಾರಿನಲ್ಲಿ ಹೀಗಾಗಿದೆಯಾ ಅಂತ ನೋಡುವುದು ಸುಲಭ. ಎಂಜಿನ್ ಸ್ಟಾರ್ಟ್ ಮಾಡಿ, ಲೋ ಬೀಮ್ ಹಾಕಿ. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು ಬ್ಯಾಟರಿಯ ಎರಡು ಟರ್ಮಿನಲ್ ನಡುವೆ ನೋಡಿ, 14 ವೋಲ್ಟ್ ಆಸುಪಾಸು ಇರಬೇಕು. ಆಮೇಲೆ ಬಲ್ಬಿನ ಹೋಲ್ಡರ್ ಹಿಂದಿನಿಂದ ಅದನ್ನೇ ನೋಡಿ. ಹೋಲ್ಡರನ್ನು ಬಲ್ಬಿನಿಂದ ಕಿತ್ತು ನೋಡಬೇಡಿ. ಕರೆಂಟ್ ಹರಿಯದೆ ಇದ್ದಾಗ ಯಾವ ಹಳೇ ವೈರೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಬಲ್ಬ್ ಉರಿಯುತ್ತಿರುವಾಗಲೇ ಅಳೆಯಬೇಕು. ಎರಡು ಕಡೆಯ ವ್ಯತ್ಯಾಸ ಅರ್ಧ ವೋಲ್ಟ್ ಒಳಗಿದ್ದರೆ ವೈರಿಂಗ್ ಚೆನ್ನಾಗಿದೆ. ಒಂದು ವೋಲ್ಟ್ ದಾಟಿತೋ, ಅಲ್ಲೇ ಇದೆ ನಿಮ್ಮ ಬೆಳಕು. ಎಷ್ಟೋ ಸಲ ತಪ್ಪು ಅರ್ತಿನದು, ಅಂದರೆ ಕರೆಂಟ್ ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿಯದು. ಹೆಡ್‌ಲೈಟ್ ಹತ್ತಿರ ಬಾಡಿಗೆ ಬೋಲ್ಟ್ ಹಾಕಿದ ಜಾಗ ತುಕ್ಕು ಹಿಡಿದಿರುತ್ತದೆ. ಬಿಚ್ಚಿ, ಉಜ್ಜಿ, ಮತ್ತೆ ಬಿಗಿ ಮಾಡಿದರೆ ಸಾಕು, ಖರ್ಚೇ ಇಲ್ಲ.

ಅರ್ತ್ ಸರಿಯಿದ್ದೂ ವೋಲ್ಟೇಜ್ ಬೀಳುತ್ತಿದ್ದರೆ ರಿಲೇ ಕಿಟ್ ಹಾಕಿಸಿ. ರಿಲೇ ಅಂದರೆ ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್. ಹಳೇ ಕಾರುಗಳಲ್ಲಿ ಹೆಡ್‌ಲೈಟಿನ ಕರೆಂಟ್ ಪೂರ್ತಿ ಸ್ಟೀರಿಂಗ್ ಪಕ್ಕದ ಸ್ವಿಚ್ಚಿಗೆ ಹೋಗಿ, ಅಲ್ಲಿಂದ ಮತ್ತೆ ಮುಂದಕ್ಕೆ ಬರುತ್ತದೆ. ರಿಲೇ ಹಾಕಿದರೆ ಬ್ಯಾಟರಿಯಿಂದ ಫ್ಯೂಸ್, ಫ್ಯೂಸಿನಿಂದ ರಿಲೇ, ರಿಲೇಯಿಂದ ನೇರ ಬಲ್ಬಿಗೆ. ಸ್ವಿಚ್ಚಿನ ಹಳೇ ಲೈನು ರಿಲೇಯನ್ನು ಎಳೆಯುವುದಕ್ಕೆ ಮಾತ್ರ. ಫ್ಯೂಸ್ ಬ್ಯಾಟರಿಗೆ ಹತ್ತಿರದಲ್ಲೇ ಇರಬೇಕು, ವೈರು ದಪ್ಪದ್ದಿರಬೇಕು, ಹೋಲ್ಡರ್ ಸೆರಾಮಿಕ್ ಆಗಿರಲಿ. ವೈರು ತಿರುಚಿ ಟೇಪು ಸುತ್ತುವವರ ಕೈಗೆ ಈ ಕೆಲಸ ಕೊಡಬೇಡಿ. ಇನ್ನೊಂದು ಮಾತು. ಕೆಲವು ಕಾರುಗಳಲ್ಲಿ ಸ್ವಿಚ್ ಪಾಸಿಟಿವ್ ಕಡೆ ಇರದೆ ಅರ್ತ್ ಕಡೆ ಇರುತ್ತದೆ. ಅಂಥ ಕಾರಿಗೆ ಮಾಮೂಲಿ ಕಿಟ್ ಹಾಕಿದರೆ ಹೈ ಬೀಮ್ ಕೆಲಸ ಮಾಡಲ್ಲ, ಇಲ್ಲವೇ ಡ್ಯಾಶ್‌ಬೋರ್ಡಿನ ನೀಲಿ ದೀಪ ಸುಮ್ನೆ ಉರಿಯುತ್ತಾ ಇರುತ್ತದೆ. ಕಿಟ್ ಕೊಳ್ಳುವ ಮೊದಲು ಎಲೆಕ್ಟ್ರಿಷಿಯನ್ ಹತ್ತಿರ ಇದನ್ನು ನೋಡಿಸಿಕೊಳ್ಳಿ.

ಅಂಗಡಿಯವರು ಹೇಳಿದ 100/90 ಯಾಕೆ ಬೇಡ ಅಂತ ಈಗ ನಿಮಗೇ ಗೊತ್ತಾಗಿರಬೇಕು. 55 ವ್ಯಾಟಿನ ಎರಡು ಬಲ್ಬ್ ಸುಮಾರು 9 ಆಂಪಿಯರ್ ಎಳೆಯುತ್ತವೆ. 90ರ ಎರಡು ಬಲ್ಬ್ 15 ಎಳೆಯುತ್ತವೆ. ಹಳೇ ವೈರಿನಲ್ಲಿ ಕರೆಂಟ್ ಹೆಚ್ಚಿದಷ್ಟೂ ವೋಲ್ಟೇಜ್ ಇನ್ನೂ ಬೀಳುತ್ತದೆ, ಹೋಲ್ಡರ್ ಕರಗುತ್ತದೆ, ಶಾಖಕ್ಕೆ ರಿಫ್ಲೆಕ್ಟರಿನ (ಬಲ್ಬಿನ ಬೆಳಕನ್ನು ರಸ್ತೆಗೆ ಎಸೆಯುವ ಕನ್ನಡಿಯಂಥ ಬಟ್ಟಲು) ಹೊಳಪು ಹೋಗುತ್ತದೆ. ಗ್ಯಾರೇಜುಗಳಲ್ಲಿ ಕಂದು ಬಣ್ಣಕ್ಕೆ ತಿರುಗಿ ಉಬ್ಬಿದ ಹೋಲ್ಡರ್ ನೋಡಿದರೆ, ಹತ್ತಿರದಲ್ಲೇ ಇಂಥ ಬಲ್ಬ್ ಇರುತ್ತದೆ. ರಸ್ತೆಯ ಮೇಲೆ ಓಡುವ ಕಾರಿಗೆ ಅದು ಕಾನೂನು ಪ್ರಕಾರವೂ ಸಲ್ಲದು.

ಮುಂದಿನದು ಹೆಡ್‌ಲೈಟಿನ ಗಾಜು. ಗಾಜು ಅಂತ ಬಾಯಿಮಾತಿಗೆ ಅನ್ನುತ್ತೇವೆ, ಅದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಮೇಲೆ ಬಿಸಿಲು ತಡೆಯುವ ತೆಳು ಲೇಪ ಇರುತ್ತದೆ. ಅದು ಸವೆದರೆ ಹಳದಿ ಮಂಜು ಕಟ್ಟುತ್ತದೆ. ಇದರಿಂದ ಬೆಳಕು ಕಡಿಮೆಯಾಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಆ ಮಂಜಿಗೆ ತಾಗಿದ ಬೆಳಕು ಚೆದುರಿ ಮೇಲಕ್ಕೂ ಹೋಗುತ್ತದೆ. ಅಂದರೆ ನಿಮಗೂ ಕಾಣಲ್ಲ, ಎದುರಿನವರಿಗೂ ಹೊಡೆಯುತ್ತದೆ. ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದರೆ ಒಂದಷ್ಟು ದಿನ ಫಳಫಳ ಅನ್ನುತ್ತದೆ, ಲೇಪ ಇಲ್ಲದ ಕಾರಣ ಮತ್ತೆ ಬೇಗ ಹಳದಿಯಾಗುತ್ತದೆ. 800, 1000, 2000 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿಕೊಂಡು ಹಂತಹಂತವಾಗಿ ಉಜ್ಜಿ, ಪಾಲಿಶ್ ಮಾಡಿ, ಮೇಲೆ ಯುವಿ ಕೋಟಿಂಗ್ ಹಾಕಿಸಿದರೆ ಬಾಳಿಕೆ ಬರುತ್ತದೆ. ಟಾರ್ಚ್ ಬಿಟ್ಟು ಒಳಗೆ ನೋಡಿದಾಗ ರಿಫ್ಲೆಕ್ಟರಿನ ಬೆಳ್ಳಿ ಬಣ್ಣವೇ ಎದ್ದಿದ್ದರೆ ಉಜ್ಜಿ ಪ್ರಯೋಜನ ಇಲ್ಲ, ಡೂಮನ್ನೇ, ಅಂದರೆ ಗಾಜು, ರಿಫ್ಲೆಕ್ಟರ್ ಸೇರಿದ ಪೂರ್ತಿ ಹೆಡ್‌ಲೈಟ್ ಡಬ್ಬಿಯನ್ನೇ ಬದಲಿಸಿ.

ಇಷ್ಟಾದ ಮೇಲೆ ದಿಕ್ಕು. ನನ್ನ ಮಟ್ಟಿಗೆ ಈ ಉತ್ತರದ ಮುಖ್ಯ ಭಾಗ ಇದೇ. ಬಲ್ಬಿಗೆ ಸಾವಿರಾರು ರೂಪಾಯಿ ಸುರಿಯುವವರು ಸ್ಕ್ರೂಡ್ರೈವರ್ ಹಿಡಿದು ಹೆಡ್‌ಲೈಟ್ ಹಿಂದಿನ ಸ್ಕ್ರೂ ಎರಡು ಸುತ್ತು ತಿರುಗಿಸಲ್ಲ ಅನ್ನುವುದು ನಿಜವಾಗಿ ಬೇಜಾರಿನ ಸಂಗತಿ.

ಮಟ್ಟಸವಾದ ನೆಲದ ಮುಂದೆ ಒಂದು ಗೋಡೆ ಹುಡುಕಿ. ಶಾಲೆ ಕಾಂಪೌಂಡ್ ಆಗಬಹುದು, ಗೋಡೌನ್ ಆಗಬಹುದು. ಟೈರ್‌ಗಳಿಗೆ ಸರಿಯಾಗಿ ಗಾಳಿ ಇರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ಕಾರನ್ನು ಗೋಡೆಗೆ ಹತ್ತಿರ ತಂದು, ಎರಡೂ ಹೆಡ್‌ಲೈಟಿನ ನಡುಮಧ್ಯದ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆಮೇಲೆ ನೇರ 10 ಮೀಟರ್ ಹಿಂದಕ್ಕೆ ತನ್ನಿ. ಲೋ ಬೀಮ್ ಹಾಕಿ. ಬೆಳಕಿನ ಮೇಲಂಚು ಗುರುತಿಗಿಂತ ಸುಮಾರು 10 ಸೆಂಟಿಮೀಟರ್ ಕೆಳಗೆ ಬೀಳಬೇಕು. ಇದೇ ಶೇಕಡ 1ರ ಇಳಿಜಾರು. ಕೆಲವು ಕಾರುಗಳಲ್ಲಿ ಎಷ್ಟಿರಬೇಕು ಅನ್ನುವುದು ಹೆಡ್‌ಲೈಟ್ ಮೇಲೇ ಅಚ್ಚಾಗಿರುತ್ತದೆ, ಹಾಗಿದ್ದರೆ ಅದನ್ನೇ ಹಿಡಿಯಿರಿ. ನಾವು ರಸ್ತೆಯ ಎಡಗಡೆ ಓಡಿಸುವವರು. ಹಾಗಾಗಿ ಅಂಚು ಬಲಗಡೆ ಮಟ್ಟಸವಾಗಿ, ಎಡಗಡೆ ಸ್ವಲ್ಪ ಮೇಲಕ್ಕೆ ಏರಿರಬೇಕು. ಎಡಕ್ಕೆ ಏರಿದ ಆ ಬೆಳಕೇ ನಿಮಗೆ ನಾಲೆ ಏರಿಯ ಅಂಚು, ನಡೆದು ಹೋಗುವವರು, ಮೈಲಿಗಲ್ಲು ತೋರಿಸುವುದು. ಬಲಕ್ಕೆ ಏರಿದ್ದರೆ ಆ ಹೆಡ್‌ಲೈಟ್ ಬೇರೆ ದೇಶದ ರಸ್ತೆಗೆ ಮಾಡಿದ್ದು. ಅದು ನೇರ ಎದುರಿನವರ ಕಣ್ಣಿಗೇ ಹೋಗುತ್ತದೆ.

ಇದರಲ್ಲಿ ಸ್ವಲ್ಪ ತಪ್ಪಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡೋಣ. ನಿಮ್ಮ ಹೆಡ್‌ಲೈಟ್ ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. ಶೇಕಡ 1ರ ಇಳಿಜಾರಿದ್ದರೆ ಅಂಚು 65 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಈಗ ಅದು ಒಂದೇ ಒಂದು ಡಿಗ್ರಿ ಮೇಲೆದ್ದಿತು. 50 ಮೀಟರ್ ದೂರದಲ್ಲಿ ಅಂಚು ನೆಲದಿಂದ ಒಂದು ಮೀಟರ್ ಎತ್ತರಕ್ಕೆ ಬಂತು. 70 ಮೀಟರ್ ದೂರದಲ್ಲಿ ಇನ್ನೂ ಮೇಲೆ, ಎದುರಿನ ಕಾರಿನ ಡ್ರೈವರ್ ಕಣ್ಣಿನ ಮಟ್ಟಕ್ಕೆ. ಬಲ್ಬ್ ಬದಲಿಸಲಿಲ್ಲ, ವ್ಯಾಟ್ ಹೆಚ್ಚಿಸಲಿಲ್ಲ, ಆದರೂ ಅವನ ಕಣ್ಣು ಕಟ್ಟಿಹಾಕಿದಂತಾಯಿತು.

ಆ ಒಂದು ಡಿಗ್ರಿ ಎಲ್ಲಿಂದ ಬರುತ್ತದೆ ಗೊತ್ತಾ? ಹಿಂದಿನ ಸೀಟಿನಲ್ಲಿ ಮೂರು ಜನ, ಡಿಕ್ಕಿಯಲ್ಲಿ ಎರಡು ಮೂಟೆ ಅಕ್ಕಿ. ಹಿಂದಿನ ಭಾಗ 4 ಸೆಂಟಿಮೀಟರ್ ಕುಸಿದರೆ ಸಾಕು, ಚಿಕ್ಕ ಕಾರಿನ ಮೂತಿ ಹೆಚ್ಚುಕಡಿಮೆ ಒಂದು ಡಿಗ್ರಿ ಮೇಲೇಳುತ್ತದೆ. ಇದಕ್ಕೆಂದೇ ಡ್ಯಾಶ್‌ಬೋರ್ಡಿನಲ್ಲಿ 0, 1, 2, 3 ಅಂತ ಬರೆದ ಚಿಕ್ಕ ಚಕ್ರ ಇರುತ್ತದೆ. ನಮ್ಮಲ್ಲಿ ಅದನ್ನು ಮುಟ್ಟುವವರೇ ಕಡಿಮೆ. ಒಬ್ಬರೇ ಇದ್ದಾಗ 0, ಲೋಡ್ ಹೆಚ್ಚಿದ ಹಾಗೆ 1, 2, 3. ಗೋಡೆಯ ಮುಂದೆ ಅಳೆಯುವಾಗ ಅದು 0ಯಲ್ಲಿ ಇರಲಿ.

ಈಗ ಎಲ್‌ಇಡಿ ವಿಷಯ. ಎಲ್‌ಇಡಿಯೇ ಕೆಟ್ಟದ್ದು ಅಂತ ನಾನು ಹೇಳಲ್ಲ. ಎಲ್‌ಇಡಿಗೆಂದೇ ಮಾಡಿದ ಹೆಡ್‌ಲೈಟ್ ಬಹಳ ಚೆನ್ನಾಗಿರುತ್ತದೆ. ತೊಂದರೆ ಇರುವುದು ಹ್ಯಾಲೊಜೆನ್ ಡೂಮಿನೊಳಗೆ ಎಲ್‌ಇಡಿ ಬಲ್ಬ್ ತುರುಕುವುದರಲ್ಲಿ. ನಿಮ್ಮ ಹಳೇ ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. ಒಳಗೆ ಎರಡು ಸುರುಳಿ ತಂತಿ. ತುದಿಗೆ ಹತ್ತಿರ ಇರುವುದು ಲೋ ಬೀಮಿನದು. ಅದರ ಕೆಳಗೆ ಚಮಚದಂಥ ಪುಟ್ಟ ಲೋಹದ ತಟ್ಟೆ ಕಾಣುತ್ತದೆ. ಆ ತಟ್ಟೆ ಕೆಳಕ್ಕೆ ಹೋಗುವ ಬೆಳಕನ್ನು ತಡೆಯುತ್ತದೆ. ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬೆಳಕು ಬಿದ್ದು, ಅಲ್ಲಿಂದ ರಸ್ತೆಯ ಕಡೆಗೆ ಇಳಿಯುತ್ತದೆ. ಕೆಳಗಿನರ್ಧಕ್ಕೆ ಬಿದ್ದಿದ್ದರೆ ಅದು ಮೇಲಕ್ಕೆ ಚಿಮ್ಮುತ್ತಿತ್ತು. ಕಂಪನಿಯ ಎಂಜಿನಿಯರ್‌ಗಳು ಕೂದಲೆಳೆಯಂಥ ಆ ತಂತಿ ಎಲ್ಲಿ ಕೂರುತ್ತದೆ ಅಂತ ಮಿಲಿಮೀಟರ್ ಲೆಕ್ಕದಲ್ಲಿ ಹಿಡಿದು ರಿಫ್ಲೆಕ್ಟರ್ ರೂಪಿಸಿರುತ್ತಾರೆ.

ಎಲ್‌ಇಡಿ ಬಲ್ಬಿನಲ್ಲಿ ತಂತಿ ಇಲ್ಲ. ಒಂದು ಪಟ್ಟಿಯ ಎರಡು ಮಗ್ಗುಲಿಗೆ ಚಪ್ಪಟೆ ಚಿಪ್ ಅಂಟಿಸಿರುತ್ತಾರೆ. ಪಟ್ಟಿಯ ದಪ್ಪದಿಂದಾಗಿ ಬೆಳಕು ನಡುವಿನಿಂದ ಹೊರಡದೆ ಅತ್ತಿತ್ತ ಸರಿದು ಹೊರಡುತ್ತದೆ. ತಂತಿ ಸುತ್ತಲೂ ಬೆಳಗಿದರೆ ಚಿಪ್ ಮುಖ ಇದ್ದ ಕಡೆಗೆ ಮಾತ್ರ ಜಾಸ್ತಿ ಚೆಲ್ಲುತ್ತದೆ. ರಿಫ್ಲೆಕ್ಟರಿಗೆ ಇದು ಅರ್ಥವಾಗಲ್ಲ. ಎಲ್ಲೆಲ್ಲಿಗೋ ಎಸೆಯುತ್ತದೆ. ನಿಮ್ಮ ಗೆಳೆಯನ ಕಾರನ್ನು ಅದೇ ಗೋಡೆಯ ಮುಂದೆ ನಿಲ್ಲಿಸಿ ನೋಡಿ. ಮೇಲಂಚು ಎಲ್ಲಿ ಮುಗಿಯುತ್ತದೆ ಅಂತ ಬೆರಳಿಟ್ಟು ತೋರಿಸುವುದಕ್ಕೇ ಆಗದಿದ್ದರೆ ಉತ್ತರ ಸಿಕ್ಕಿತು. ಅವರಿಗೆ ಬೆಳಕು ಜಾಸ್ತಿ ಕಂಡಂತೆ ಆಗುವುದು ಸುಳ್ಳಲ್ಲ. ಬಾನೆಟ್ ಮುಂದಿನ ಹತ್ತು ಹದಿನೈದು ಮೀಟರ್ ಹಗಲಿನಂತೆ ಬೆಳಗುತ್ತದೆ. ಕಣ್ಣು ಆ ಬಿಳುಪಿಗೆ ಹೊಂದಿಕೊಂಡು ದೂರದ ಕತ್ತಲನ್ನು ಇನ್ನೂ ಕತ್ತಲು ಮಾಡಿಕೊಳ್ಳುತ್ತದೆ. ನೀವು ನೋಡಬೇಕಾದ್ದು ಆ ದೂರವನ್ನೇ ಅಲ್ವಾ?

ಲುಮೆನ್ ಎರಡರಷ್ಟು ಅಂದರೆ ಎರಡರಷ್ಟು ದೂರ ಕಾಣುತ್ತದೆ ಅನ್ನುವುದೂ ತಪ್ಪು ಲೆಕ್ಕ. ಬೆಳಕು ದೂರ ಹೋದಷ್ಟೂ ಹರಡಿ ತೆಳುವಾಗುತ್ತದೆ. ಎರಡರಷ್ಟು ದೂರಕ್ಕೆ ಅಷ್ಟೇ ಬೆಳಕು ಬೇಕೆಂದರೆ ನಾಲ್ಕರಷ್ಟು ಹೊರಡಬೇಕು. ಅದನ್ನು ಸರಿಯಾದ ಕಡೆ ಕೂಡಿಸದೆ ಹೊರಡಿಸಿದರೆ ನಾಲ್ಕರಷ್ಟು ಹೊಡೆಯುವುದು ಎದುರಿನವರಿಗೆ.

ಜರ್ಮನಿಯಲ್ಲಿ 2020ರಲ್ಲಿ ಹ್ಯಾಲೊಜೆನ್ ಜಾಗಕ್ಕೆ ಎಲ್‌ಇಡಿ ಬಲ್ಬ್ ಹಾಕಲು ಮೊದಲ ಸಲ ಒಪ್ಪಿಗೆ ಕೊಟ್ಟರು. ಅದೂ ಇಂಥ ಕಂಪನಿಯ ಇಂಥ ಬಲ್ಬ್, ಇಂಥ ಮಾಡೆಲ್ ಕಾರಿಗೆ ಅಂತ ಪಟ್ಟಿ ಮಾಡಿ. ಬಲ್ಬ್ ಮತ್ತು ಡೂಮ್ ಎರಡನ್ನೂ ಒಟ್ಟಿಗೆ ಪರೀಕ್ಷೆ ಮಾಡಿದ ಮೇಲೆ. ನಮ್ಮ ಅಂಗಡಿಗಳಲ್ಲಿ "ಎಲ್ಲಾ ಕಾರಿಗೂ ಆಗುತ್ತೆ ಸಾರ್" ಅಂತ ಕೊಡುವ ಡಬ್ಬಿಗೆ ಆ ಪರೀಕ್ಷೆ ಆಗಿರುವುದಿಲ್ಲ.

ನಮ್ಮ ಕಾನೂನೂ ಇದನ್ನೇ ಹೇಳುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಪ್ರಕಾರ, ದೀಪದ 8 ಮೀಟರ್ ಮುಂದೆ, ವಾಹನದ ಬಲಬದಿಗೆ ಅರ್ಧ ಮೀಟರ್ ಆಚೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವವರಿಗೆ ಅದು ಕೋರೈಸಬಾರದು. ಇದನ್ನು ನೀವೇ ಪರೀಕ್ಷೆ ಮಾಡಬಹುದು. ಆ ಜಾಗದಲ್ಲಿ ತಮ್ಮನನ್ನೋ ಗೆಳೆಯನನ್ನೋ ನಿಲ್ಲಿಸಿ ಲೋ ಬೀಮ್ ಹಾಕಿ. ಅವರು ಮುಖ ತಿರುಗಿಸಿದರೆ ಹೆಡ್‌ಲೈಟ್ ಇನ್ನೂ ಕೆಳಗೆ ಇಳಿಯಬೇಕು. ಕಣ್ಣು ಕುಕ್ಕುವ ಎಲ್‌ಇಡಿ ಹಾಕಿದ ವಾಹನಗಳ ಮೇಲೆ ನಮ್ಮ ರಾಜ್ಯದ ಪೊಲೀಸರು 2024ರ ಜುಲೈಯಿಂದ ಕೇಸು ಹಾಕುವುದಕ್ಕೂ ಶುರು ಮಾಡಿದ್ದಾರೆ.

ಹಾಗಾದರೆ ಏನು ಕೊಳ್ಳಬೇಕು? ಒಳ್ಳೆ ಕಂಪನಿಯ ಮಾಮೂಲಿ 60/55 ಬಲ್ಬ್, ಎರಡೂ ಕಡೆಗೆ ಒಟ್ಟಿಗೆ. ಹಳೇ ಬಲ್ಬ್ ಉರಿಯುತ್ತಿದ್ದರೂ ಒಳಗೆ ಕಪ್ಪಾಗಿ ಮಂಕಾಗಿರುತ್ತದೆ. ಡಬ್ಬಿಯ ಮೇಲೆ "ಪ್ಲಸ್" ಅಂತ ಇಷ್ಟು ಪರ್ಸೆಂಟ್ ಬರೆದ ಬಲ್ಬ್‌ಗಳೂ ಬರುತ್ತವೆ. ವ್ಯಾಟ್ ಅಷ್ಟೇ ಇರುತ್ತದೆ, ತಂತಿ ಬಿಗಿಯಾಗಿ ಸುತ್ತಿರುತ್ತಾರೆ. ಬೆಳಕು ಸ್ವಲ್ಪ ಮುಂದೆ ಹೋಗುವುದು ನಿಜ, ಆಯಸ್ಸು ಕಡಿಮೆ. ದಿನಾ ರಾತ್ರಿ ಓಡಿಸುವ ನಿಮಗೆ ಅದು ಒಪ್ಪುವ ಖರ್ಚೇ. ನೀಲಿ ಬಣ್ಣ ಬಳಿದ ಬಲ್ಬ್ ಬೇಡವೇ ಬೇಡ. ಆ ಬಣ್ಣ ಬೆಳಕನ್ನು ನುಂಗುತ್ತದೆ. ಹಾಕುವಾಗ ಬಲ್ಬಿನ ಗಾಜು ಬೆರಳಿಗೆ ತಾಗಬಾರದು. ಕೈಯ ಜಿಡ್ಡು ಅಂಟಿದ ಜಾಗ ವಿಪರೀತ ಕಾದು ಬಲ್ಬ್ ಬೇಗ ಹೋಗುತ್ತದೆ.

ಎಲ್‌ಇಡಿಯೇ ಬೇಕು ಅನ್ನಿಸಿದರೆ, ನಿಮ್ಮದೇ ಮಾಡೆಲ್ಲಿನ ಮೇಲಿನ ವೇರಿಯಂಟಿಗೆ ಕಂಪನಿ ಕೊಟ್ಟ ಪೂರ್ತಿ ಹೆಡ್‌ಲೈಟ್ ಕೂರುತ್ತದಾ ಅಂತ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಇನ್ಶೂರೆನ್ಸ್ ಕಂಪನಿಗೂ ತಿಳಿಸಿಯೇ ಹಾಕಿಸಿ. ಡೂಮ್ ಬಿಚ್ಚಿ ಒಳಗೆ ಪ್ರೊಜೆಕ್ಟರ್ (ಬೆಳಕನ್ನು ಲೆನ್ಸಿನ ಮೂಲಕ ಹಾಯಿಸುವ ದೀಪ) ಕೂರಿಸುವವರೂ ಇದ್ದಾರೆ. ನುರಿತವರು ಮಾಡಿದರೆ ಅಂಚು ಗೆರೆ ಕೊಯ್ದ ಹಾಗೆ ಬರುತ್ತದೆ. ಆದರೆ ಕೂರಿಸುವಾಗ ಸ್ವಲ್ಪ ವಾರೆಯಾದರೂ ಅಷ್ಟೂ ಬೆಳಕು ಒಂದೇ ಕಡೆ ಹೊಡೆಯುತ್ತದೆ. ಅಂಟು ಸರಿ ಕೂರದೆ ಮಳೆಗಾಲದಲ್ಲಿ ಒಳಗೆ ನೀರಾಡುವುದೂ ಉಂಟು. ನಾನಂತೂ ಸಲಹೆ ಮಾಡಲ್ಲ.

ಮಂಜಿಗೆ ಫಾಗ್ ಲ್ಯಾಂಪ್ ಹಾಕಿಸಬಹುದು. ಡಿಸೆಂಬರ್, ಜನವರಿಯಲ್ಲಿ ನಾಲೆ, ಗದ್ದೆ ಪಕ್ಕ ಮಂಜು ದಟ್ಟವಾಗಿ ಕೂರುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ. ಬಂಪರಿನ ಕೆಳಭಾಗದಲ್ಲಿ, ಅಗಲವಾಗಿ ಚೆಲ್ಲಿ ಮೇಲಕ್ಕೆ ಏಳದ ಜಾತಿಯದು ಇರಲಿ. ಮಂಜು ಕಳೆದ ಮೇಲೆ ಆರಿಸಿಬಿಡಿ. ಉದ್ದದ ಎಲ್‌ಇಡಿ ಬಾರ್‌ಗಳಿಗೆ ರಸ್ತೆಯಲ್ಲಿ ಕೆಲಸವಿಲ್ಲ.

ಬೆಳಕಿನಷ್ಟೇ ಮುಖ್ಯವಾದ ಇನ್ನೊಂದು ಗಾಜಿದೆ, ವಿಂಡ್‌ಶೀಲ್ಡ್. ಹೊರಗೆ ಎಲ್ಲರೂ ಒರೆಸುತ್ತಾರೆ. ಒಳಮೈಯಲ್ಲಿ ಕೂತ ಜಿಡ್ಡಿನ ಪರದೆಯನ್ನು ಯಾರೂ ಒರೆಸಲ್ಲ. ಎದುರು ಬೆಳಕು ಬಂದ ತಕ್ಷಣ ಇಡೀ ಗಾಜು ಬೆಳ್ಳಗಾಗುವುದು ಅದರಿಂದಲೇ. ವಾರಕ್ಕೊಮ್ಮೆ ಒಳಗಿನಿಂದ ಒರೆಸಿ, ಹಳೇ ವೈಪರ್ ಬದಲಿಸಿ, ಡ್ಯಾಶ್‌ಬೋರ್ಡಿನ ದೀಪ ಮಂದ ಮಾಡಿಕೊಳ್ಳಿ. ಕನ್ನಡಕದ ನಂಬರ್ ನೋಡಿಸಿ ಬಹಳ ದಿನ ಆಗಿದ್ದರೆ ಅದನ್ನೂ ನೋಡಿಸಿ.

ಇಷ್ಟೆಲ್ಲ ಸರಿ ಮಾಡಿದರೂ ಲೋ ಬೀಮಿಗೆ ಒಂದು ಮಿತಿ ಇದೆ. ಒಳ್ಳೆಯ ಲೋ ಬೀಮ್ ನಿಮಗೆ 50, 60 ಮೀಟರ್ ತೋರಿಸಬಹುದು. ಗಂಟೆಗೆ 60ರಲ್ಲಿ ಹೋಗುವಾಗ ಅಡ್ಡ ಏನೋ ಕಂಡು, ಬ್ರೇಕ್ ಒತ್ತಿ, ಕಾರು ನಿಲ್ಲುವಷ್ಟರಲ್ಲಿ ಸುಮಾರು 50 ಮೀಟರ್ ಆಗಿರುತ್ತದೆ. 80ರಲ್ಲಿ ಅದು 75ರ ಹತ್ತಿರ. ಅಂದರೆ 80ರಲ್ಲಿ ನೀವು ಕಾಣದ ಜಾಗಕ್ಕೆ ನುಗ್ಗುತ್ತಿದ್ದೀರಿ. ಕಬ್ಬು ಅರೆಯುವ ಕಾಲದಲ್ಲಿ ಹಿಂದೆ ಒಂದು ರಿಫ್ಲೆಕ್ಟರೂ ಇಲ್ಲದೆ ನಿಂತ ಟ್ರ್ಯಾಕ್ಟರ್ ಟ್ರೈಲರ್, ಸುಗ್ಗಿಯಲ್ಲಿ ರಸ್ತೆಗೇ ಹರವಿದ ರಾಗಿ, ಹುರುಳಿ, ಸುತ್ತಲೂ ಇಟ್ಟ ಕಲ್ಲು, ಇವೆಲ್ಲ ನಿಮ್ಮ ದಾರಿಯಲ್ಲಿವೆ. ಒಣಹುಲ್ಲಿನ ಬಣ್ಣ ಹೆಡ್‌ಲೈಟಿಗೆ ರಸ್ತೆಯಂತೆಯೇ ಕಾಣುತ್ತದೆ. ನಾಲೆ ಏರಿ ಮೇಲೆ 50ಕ್ಕಿಂತ ಜಾಸ್ತಿ ಬೇಡ. ಎದುರು ಯಾರೂ ಇಲ್ಲದಾಗ ಧಾರಾಳವಾಗಿ ಹೈ ಬೀಮ್ ಬಳಸಿ, ಅದು ಇರುವುದೇ ಅದಕ್ಕೆ. ದೂರದಲ್ಲಿ ಬೆಳಕು ಕಂಡ ಕೂಡಲೇ ಇಳಿಸಿ. ಎದುರಿನವನು ಡಿಪ್ ಮಾಡದಿದ್ದರೆ ನೀವೂ ಹೈ ಬೀಮ್ ಹಾಕಿ ಹಠ ಮಾಡಬೇಡಿ. ಕಿರಿದಾದ ಏರಿಯ ಮೇಲೆ ಕಣ್ಣು ಕಾಣದ ಡ್ರೈವರ್‌ಗಳು ಇಬ್ಬರಾಗುತ್ತಾರೆ ಅಷ್ಟೇ. ವೇಗ ಇಳಿಸಿ, ನೋಟವನ್ನು ರಸ್ತೆಯ ಎಡ ಅಂಚಿನಲ್ಲಿಡಿ, ಅವನು ದಾಟಿದ ಮೇಲೂ ಕಣ್ಣು ತಿಳಿಯಾಗುವ ತನಕ ನಿಧಾನಕ್ಕೇ ಹೋಗಿ.

ಅಪ್ಪನ ಬೈಕಿನದು ಬೇರೆ ಕಥೆ. ಹಳೇ 100 ಸಿಸಿ ಬೈಕುಗಳಲ್ಲಿ ಸಾಮಾನ್ಯವಾಗಿ 35/35 ವ್ಯಾಟ್ ಬಲ್ಬ್. ಎಷ್ಟೋ ಬೈಕುಗಳಲ್ಲಿ ಅದು ಬ್ಯಾಟರಿಯಿಂದಲ್ಲ, ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲಿನಿಂದ ನೇರ ಉರಿಯುತ್ತದೆ. ಆಕ್ಸಿಲರೇಟರ್ ತಿರುಗಿಸಿದರೆ ಬೆಳಕು ಏರಿ, ಬಿಟ್ಟರೆ ಮಂಕಾದರೆ ಅದೇ ಜಾತಿ. ಹಂಪಿನ ಮುಂದೆ ನಿಧಾನ ಮಾಡಿದಾಗಲೇ ಬೆಳಕು ಹೋಗುವುದು ದೊಡ್ಡ ತೊಂದರೆ. ಅದಕ್ಕೆ ಸುಮ್ನೆ ಎಲ್‌ಇಡಿ ಬಲ್ಬ್ ಹಾಕಿದರೆ ಮಿಣಮಿಣ ಅನ್ನುತ್ತದೆ, ಬೇಗ ಸುಟ್ಟೂ ಹೋಗುತ್ತದೆ. ಕಾಯಿಲ್ ವೈರಿಂಗ್ ಬದಲಿಸಿ, ಬೇರೆ ರೆಕ್ಟಿಫೈಯರ್ (ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ) ಹಾಕಿ, ಹೆಡ್‌ಲೈಟನ್ನು ಬ್ಯಾಟರಿಗೆ ತರಬಹುದು. ಅದು ಗೊತ್ತಿರುವ ಆಟೋ ಎಲೆಕ್ಟ್ರಿಷಿಯನ್ ಮಾಡುವ ಕೆಲಸ, ಮನೆಯಲ್ಲಿ ಬೇಡ. ಮೊದಲು ಹೋಲ್ಡರ್, ಅರ್ತ್ ಶುಚಿ ಮಾಡಿ, ಮಂಕಾದ ಡೂಮ್ ಬದಲಿಸಿ. ಬೈಕಿನ ಡೂಮ್ ದುಬಾರಿಯಲ್ಲ, ವ್ಯತ್ಯಾಸ ಮಾತ್ರ ಅದೇ ರಾತ್ರಿ ಕಾಣುತ್ತದೆ. ಗೋಡೆಯ ಮುಂದೆ ಎತ್ತರ ಹೊಂದಿಸುವಾಗ ಅಪ್ಪ ಸೀಟಿನ ಮೇಲೆ ಕೂತಿರಲಿ. ಹಿಂದೆ ಅಮ್ಮನನ್ನು ಕೂರಿಸಿಕೊಂಡು ಹೋಗುವುದೇ ಹೆಚ್ಚಾದರೆ ಇಬ್ಬರನ್ನೂ ಕೂರಿಸಿಯೇ ಹೊಂದಿಸಿ. ಹ್ಯಾಂಡಲಿಗೆ ಕಟ್ಟುವ ಚಿಕ್ಕ ಎಲ್‌ಇಡಿ ದೀಪಗಳು ಬೇಡ. 2023ರ ಆಗಸ್ಟ್‌ನಿಂದ ಬೈಕುಗಳಿಗೆ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಬಂದ್ ಆಗಿದೆ, ಪಕ್ಕದ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಸರ್ವಿಸ್ ರಸ್ತೆಯಲ್ಲಿ ಎರಡೂ ಕಡೆಯಿಂದ ಬೈಕು, ಆಟೋ, ಸೈಕಲ್ ಮೈಗೆ ತಾಗುವಷ್ಟು ಹತ್ತಿರ ಬರುತ್ತವೆ. ಅಲ್ಲಿ ಆ ದೀಪ ನೇರ ಮುಖಕ್ಕೆ ಹೊಡೆಯುತ್ತದೆ.

ಮಲ್ಟಿಮೀಟರಿನಲ್ಲಿ ಬ್ಯಾಟರಿ ಹತ್ತಿರ ಎಷ್ಟು ಬಂತು, ಹೋಲ್ಡರ್ ಹತ್ತಿರ ಎಷ್ಟು ಬಂತು, ಎಡ ಬಲ ಎರಡೂ ಕಡೆಯದ್ದು ಬರೆದು ಕಳಿಸಿ. ಕಾರಿನ ಮಾಡೆಲ್ ಹೆಸರೂ ಇರಲಿ. ರಿಲೇ ಕಿಟ್ ಬೇಕಾ, ಅರ್ತ್ ಉಜ್ಜಿದರೆ ಸಾಕಾ ಅಂತ ಅದನ್ನು ನೋಡಿ ಹೇಳುತ್ತೇನೆ.